51ರಲ್ಲಿ ಗಾಲ್ಫ್ ಕಲಿಯಲು ಹೊರಟರೆ ತಪ್ಪೇ?

ಪ್ರಶ್ನೆ: ನನಗೆ 51 ವರ್ಷ. ಹೊಳೆನರಸೀಪುರದಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕಳೆದ ವರ್ಷ ಬೆಂಗಳೂರಿನಲ್ಲಿರುವ ಮಗಳು ಗಾಲ್ಫ್ ಅಭ್ಯಾಸ ಮಾಡುವ ಜಾಗಕ್ಕೆ ಕರೆದುಕೊಂಡು ಹೋಗಿದ್ದಳು. ನೋಡೋಣ ಅಂತ ಹೋದವಳು ನಾನೂ ಕೋಲು ಹಿಡಿದೆ. ಎಷ್ಟು ಬೀಸಿದರೂ ಚೆಂಡು ಇದ್ದಲ್ಲೇ ಇತ್ತು. ಒಂದೇ ಒಂದು ಮೇಲೆದ್ದು ದೂರ ಹೋಯಿತು. ಆ ಖುಷಿ ಮರೆಯಲಾಗಲಿಲ್ಲ. ಮಗಳು ಐರನ್, ಪಟರ್ ಎಂಬ ಎರಡು ಹಳೆಯ ಕೋಲು ಕೊಡಿಸಿದಳು. ಮಹಡಿ ಮೇಲೆ ಬೀಸುತ್ತಿದ್ದಾಗ ಪಕ್ಕದ ಮನೆಯವರು ‘ಏನ್ ಸಿಸ್ಟರಮ್ಮ, ಹಾವು ಹೊಡೀತಿದ್ದೀರಾ?’ ಅಂದರು. ಅರಕಲಗೂಡಿನ ಮದುವೆಯೊಂದರಲ್ಲಿ ಮೈದುನ ಎಲ್ಲರ ಮುಂದೆ ‘ನಮ್ಮ ಅತ್ತಿಗೆ ಈಗ ದೊಡ್ಡೋರ ಆಟ ಆಡ್ತಾರೆ’ ಅಂದು ನಗಿಸಿದ. ಯಜಮಾನರೂ ನಕ್ಕರು. ಈಗ ಆಫ್ ಇರುವ ದಿನ ರೈಲು ಹತ್ತಿ ಮೈಸೂರಿಗೆ ಹೋಗಿ ಕಲಿಯುತ್ತಿದ್ದೇನೆ. ಮನೆಯಲ್ಲಿ ‘ಟ್ರೈನಿಂಗ್ ಇದೆ’ ಎಂದು ಹೇಳಿದ್ದೇನೆ. ಅಲ್ಲೂ ಚೆಂಡು ತಪ್ಪಿದಾಗಲೆಲ್ಲ ಹೇಳಿಕೊಡುವ ಹುಡುಗ ನಿಟ್ಟುಸಿರು ಬಿಡುತ್ತಾನೆ. ಪಕ್ಕದಲ್ಲಿ ಹತ್ತು ವರ್ಷದ ಮಕ್ಕಳು ಸಲೀಸಾಗಿ ಹೊಡೆಯುತ್ತಾರೆ. ಚೀಟಿ ಎತ್ತಿದ ದುಡ್ಡಿನಲ್ಲಿ ಸ್ವಲ್ಪ ಇದಕ್ಕೇ ಹೋಗಿದೆ. ರಾತ್ರಿ ನಿದ್ದೆ ಬರುವುದಿಲ್ಲ, ನಸುಕಿನಲ್ಲಿ ಎದೆ ಡವಡವ ಎನ್ನುತ್ತದೆ. ಈ ವಯಸ್ಸಿನಲ್ಲಿ ನನಗೆ ಇದು ಬೇಕಿತ್ತೇ? ಮಗಳಿಗೆ ‘ಬಿಟ್ಟೆ’ ಎಂದು ಹೇಳಿಬಿಡಲೇ?
– ಹೆಸರು ಬೇಡ, ಹೊಳೆನರಸೀಪುರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಾಲ್ಫ್ ಬಗ್ಗೆ ಅದರಲ್ಲಿ ಇರುವುದು ನಾಲ್ಕೇ ಮಾತು. ಉಳಿದದ್ದೆಲ್ಲ ಯಾರು ನೋಡಿದರು, ಯಾರು ನಕ್ಕರು, ಯಾರು ನಿಟ್ಟುಸಿರು ಬಿಟ್ಟರು ಎಂಬುದರ ಲೆಕ್ಕ. ಆ ಲೆಕ್ಕವನ್ನು ಇಷ್ಟು ದಿನ ಒಬ್ಬರೇ ಹೊತ್ತುಕೊಂಡು ತಿರುಗಿದ್ದೀರಿ. ಆಯಾಸವಾಗಿರಲೇಬೇಕು.

ಮೊದಲು ಒಂದು ಮಾತು. ನಿಮಗಾದ ನೋವು ಚಿಕ್ಕದಲ್ಲ. ಪಕ್ಕದ ಮನೆಯವರು ಕೆಟ್ಟ ಮನಸ್ಸಿನಿಂದ ಹಾಗೆ ಕೇಳಿರಲಾರರು. ಮೈದುನನೂ ಮದುವೆ ಮನೆಯ ಉಮೇದಿನಲ್ಲಿ ಅಂದಿರಬಹುದು. ಹಾಗೆಂದು ಚುಚ್ಚಿದ್ದು ಚುಚ್ಚಿಲ್ಲ ಎನ್ನಲಾಗದು. ನೂರಾರು ಮನೆಗಳವರು ಕಷ್ಟ ಬಂದಾಗ ಸಿಸ್ಟರಮ್ಮ ಎಂದು ಹುಡುಕಿಕೊಂಡು ಬರುವಂಥ ಊರಿನಲ್ಲಿ ನೀವಿದ್ದೀರಿ. ಅಂಥ ಕಡೆ ನಗೆಪಾಟಲಾಗುವುದಕ್ಕೂ ದೊಡ್ಡ ನಗರದಲ್ಲಿ ಗುರುತಿಲ್ಲದವರ ನಡುವೆ ಎಡವುವುದಕ್ಕೂ ವ್ಯತ್ಯಾಸವಿದೆ. ‘ಇಷ್ಟಕ್ಕೆಲ್ಲ ಬೇಜಾರಾಗ್ತಾರಾ’ ಎಂದು ನಿಮ್ಮನ್ನು ನೀವೇ ಗದರಿಕೊಳ್ಳಬೇಡಿ.

ನೀವು ಇದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿದ್ದೀರಿ. ನನಗೆ ಕಾಣುವ ಕಾರಣ ಬೇರೆ. ನಿಮ್ಮದು ತಪ್ಪಾಗಲೇಬಾರದ ಕೆಲಸ. ಔಷಧಿಯ ಪ್ರಮಾಣ ತಪ್ಪಬಾರದು, ಹೊತ್ತು ತಪ್ಪಬಾರದು, ಬಾಟಲಿಯ ಮೇಲಿನ ಹೆಸರು ಓದುವಾಗ ಕಣ್ಣು ತಪ್ಪಬಾರದು. ಸಣಕಲು ಕೈಯ ಮುದುಕರಿಗೆ ಡ್ರಿಪ್ ಹಾಕುವಾಗ ಒಂದೇ ಸಲಕ್ಕೆ ನರ ಸಿಗಬೇಕು, ಇಲ್ಲದಿದ್ದರೆ ಮಂಚದ ಸುತ್ತ ನಿಂತವರ ಮುಖ ಬದಲಾಗುತ್ತದೆ. ಇಷ್ಟು ವರ್ಷ ಹೀಗೆ ಪಳಗಿದ ಕೈಗೆ ಈಗ ಒಮ್ಮೆಲೇ, ಅದೂ ನಾಲ್ಕು ಜನ ನೋಡುತ್ತಿರುವಾಗ, ಮತ್ತೆ ಮತ್ತೆ ತಪ್ಪುವ ಪಾಳಿ ಬಂದಿದೆ. ಮೈ ಬಿಸಿಯೇರಿ, ಕೋಲನ್ನು ಬಿಗಿಯಾಗಿ ಹಿಡಿದು, ಹುಡುಗನ ಉಸಿರಿನ ಸದ್ದೂ ಕೇಳುವಷ್ಟು ಎಚ್ಚರವಾಗಿ ನೀವು ನಿಲ್ಲುತ್ತಿರುವುದು ಅದಕ್ಕೇ. ನಿಮ್ಮ ಜಾಗದಲ್ಲಿ ಮೂವತ್ತರ ಪ್ರಾಯದ ನರ್ಸ್ ಇದ್ದರೂ ಇಷ್ಟೇ ಬೆವರುತ್ತಿದ್ದರು.

ನೀವು ತರಬೇತಿಯಲ್ಲಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಮೊದಲ ಸಲ ರೋಗಿಯ ಕೈಗೆ ಪಟ್ಟಿ ಬಿಗಿದು, ಬೆರಳಿನಲ್ಲಿ ತಡವಿ ನರ ಹುಡುಕಿದಾಗ ಎಲ್ಲವೂ ಒಂದೇ ಥರ ಅನ್ನಿಸಿತ್ತಲ್ಲವೇ? ಸೂಜಿ ಚುಚ್ಚಿದರೂ ರಕ್ತ ಬರಲಿಲ್ಲ, ರೋಗಿ ‘ಅಮ್ಮಾ’ ಅಂದರು, ಹಿರಿಯ ಸಿಸ್ಟರ್ ಬಂದು ನಿಮ್ಮ ಬೆರಳನ್ನೇ ಹಿಡಿದು ‘ಇಲ್ಲಿ ನೋಡು, ಇಲ್ಲಿ ಮೆತ್ತಗಿದೆ’ ಎಂದು ತೋರಿಸಿದರು. ಇದು ನಿಮ್ಮ ಪತ್ರದಲ್ಲಿಲ್ಲ. ಆದರೂ ಈ ಹಾದಿ ತುಳಿಯದೆ ನರ್ಸ್ ಆದವರನ್ನು ನಾನು ಕಂಡಿಲ್ಲ. ಅಂದಿನ ತಪ್ಪಿನಿಂದ ಇನ್ನೊಬ್ಬರಿಗೆ ನೋವಾಗುತ್ತಿತ್ತು. ಇಂದು ನಿಮ್ಮ ಬೀಸು ತಪ್ಪಿದರೆ ಹುಲ್ಲಿನ ಹೊರತು ಯಾರಿಗೂ ಪೆಟ್ಟಿಲ್ಲ. ತಪ್ಪಿದರೂ ಪರವಾಗಿಲ್ಲ ಎನ್ನುವ ಒಂದು ಜಾಗ ನಿಮ್ಮ ಬದುಕಿನಲ್ಲಿ ಬಹಳ ವರ್ಷಗಳ ನಂತರ ಸಿಕ್ಕಿದೆ. ನಿಮ್ಮ ಮನಸ್ಸು ಅದನ್ನು ಬಿಡಲೊಲ್ಲದೆ ರೈಲು ಹತ್ತಿಸುತ್ತಿರುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಆಟದ ನಿಯಮವನ್ನೇ ನೋಡಿ. ಚೆಂಡು ಹೊಡೆಯಬೇಕೆಂದು ಬೀಸಿ ತಪ್ಪಿದರೆ ಅದನ್ನೂ ಒಂದು ಹೊಡೆತ ಎಂದು ಎಣಿಸುತ್ತಾರೆ, ಆಟ ಮುಂದುವರಿಯುತ್ತದೆ. ಆಟಗಾರರ ಮಟ್ಟಕ್ಕೆ ತಕ್ಕಂತೆ ಕೊಡುವ ಹೆಚ್ಚುವರಿ ಹೊಡೆತಗಳ ರಿಯಾಯಿತಿಗೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. 2020ರಲ್ಲಿ ಅದಕ್ಕೆ ಜಗತ್ತಿಗೆಲ್ಲ ಒಂದೇ ಪದ್ಧತಿ ಜಾರಿಗೆ ಬಂತು. ಅದರಲ್ಲಿ ಗಂಡಸರಿಗಾಗಲಿ ಹೆಂಗಸರಿಗಾಗಲಿ 54ರವರೆಗೆ ಹ್ಯಾಂಡಿಕ್ಯಾಪ್ ಇಟ್ಟುಕೊಳ್ಳಲು ಅವಕಾಶವಿದೆ. 18 ಕುಳಿಗಳ ಆಟದಲ್ಲಿ ಪ್ರತಿ ಕುಳಿಗೂ ಮೂರು ಹೊಡೆತ ಹೆಚ್ಚಿಗೆ ಎಂದಾಯಿತು. ಪಳಗಿದವರು ನಾಲ್ಕರಲ್ಲಿ ಮುಗಿಸುವ ಕುಳಿಯನ್ನು ಹೊಸಬರು ಏಳರಲ್ಲಿ ಮುಗಿಸಿದರೂ ಅವರ ಮಟ್ಟಿಗೆ ಅದು ಸರಿಯಾದ ಆಟವೇ. ಹೊಸಬರು ಬರುತ್ತಾರೆ, ತಡವರಿಸುತ್ತಾರೆ ಎಂದು ಗೊತ್ತಿದ್ದೇ ನಿಯಮ ಮಾಡಿದ್ದಾರೆ.

ಇನ್ನು ‘ದೊಡ್ಡೋರ ಆಟ’ ಎಂಬ ಮಾತು. ಇದು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವಂತಿದೆ. ಮೈದುನನ ಮಾತಿಗೆ ಆಧಾರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಆಮೇಲೂ ಈ ಆಟ ಕಾಫಿ ಎಸ್ಟೇಟಿನವರು, ದೊಡ್ಡ ಅಧಿಕಾರಿಗಳು, ಕಂಪನಿಗಳವರ ನಡುವೆಯೇ ಹೆಚ್ಚಾಗಿ ಉಳಿಯಿತು. ನಮ್ಮ ಹಾಸನ ಜಿಲ್ಲೆಯ ಆಲೂಗಡ್ಡೆ, ತಂಬಾಕು, ಶುಂಠಿ ಬೆಳೆಯುವ ಮನೆಗಳಿಗೆ ಗಾಲ್ಫ್ ಎಂದರೆ ಟಿವಿಯಲ್ಲಿ ಚಾನೆಲ್ ಬದಲಾಯಿಸುವಾಗ ಕಂಡು ಮರೆಯಾಗುವ ಹಸಿರು. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬೋ ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬೋ ಇರುವುದು ಗೊತ್ತಿದ್ದವರಿಗೂ ಗೇಟಿನ ಒಳಗೆ ಕಾಲಿಡಲು ಅಳುಕು. ಆ ಅಳುಕು ನಿಮ್ಮೊಬ್ಬರ ಕೊರತೆಯಲ್ಲ, ಅದಕ್ಕೊಂದು ಚರಿತ್ರೆಯಿದೆ.

ಅದೇ ಚರಿತ್ರೆಯಲ್ಲಿ ಬೇರೆ ಹೆಸರುಗಳೂ ಇವೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದವರು. ವೃತ್ತಿ ಆಟಗಾರ ಎಸ್. ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಮೈದಾನದ ಆಸುಪಾಸಿನಲ್ಲಿ ಬೆಳೆದು ಅಲ್ಲೇ ಆಟ ಕಲಿತವರು. ನೀವೂ ಅವರಂತೆ ಆಗಿ ಎಂದು ಈ ಹೆಸರು ಹೇಳುತ್ತಿಲ್ಲ. ಆ ಹುಲ್ಲಿನ ಮೇಲೆ ನಿಲ್ಲಲು ಇಂಥ ಮನೆತನದವರೇ ಆಗಿರಬೇಕೆಂಬ ಕಟ್ಟಳೆ ಇಲ್ಲ ಎಂಬುದಷ್ಟೇ ನಿಮಗೆ ಗೊತ್ತಿರಲಿ.

ಅದಿತಿ ಅಶೋಕ್ ನಿಮಗೆ ಗೊತ್ತಿರಬಹುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ, ಒಂದೇ ಹೊಡೆತದಿಂದ ಕಂಚು ತಪ್ಪಿಸಿಕೊಂಡ ಬೆಂಗಳೂರಿನ ಹುಡುಗಿ. ಅಲ್ಲಿ ಅವರ ಚೀಲ ಹೊತ್ತು ಜೊತೆಗೆ ನಡೆದದ್ದು ಅವರ ತಾಯಿ. 2016ರಲ್ಲಿ ರಿಯೊದಲ್ಲಿ ತಂದೆ ಹೊತ್ತಿದ್ದರು. ಟಿವಿಯಲ್ಲಿ ಆ ತಾಯಿಯನ್ನು ಕಂಡು ನಾವೆಲ್ಲ ಮೆಚ್ಚಿದೆವು, ಮೆಚ್ಚಬೇಕಾದದ್ದೇ. ಆದರೆ ಯೋಚಿಸಿ. ಮಗಳ ಆಟಕ್ಕಾಗಿ ತಾಯಿ ಬಿಸಿಲಿನಲ್ಲಿ ನಡೆದರೆ ಊರೇ ಹೊಗಳುತ್ತದೆ. ಅದೇ ತಾಯಿ ತನ್ನ ಖುಷಿಗೆಂದು ಕೋಲು ಹಿಡಿದರೆ ‘ಟ್ರೈನಿಂಗ್ ಇದೆ’ ಎಂದು ಹೇಳಿ ಮನೆ ಬಿಡಬೇಕಾಗುತ್ತದೆ. ಇದನ್ನು ಓದುತ್ತಿರುವ ಚನ್ನರಾಯಪಟ್ಟಣದ, ಅರಕಲಗೂಡಿನ, ಹಾಸನದ ಎಷ್ಟೋ ಹೆಂಗಸರು ಸ್ಕೂಟರ್ ಕಲಿಯಲೋ ಈಜು ಕಲಿಯಲೋ ಹಾರ್ಮೋನಿಯಂ ಮುಂದೆ ಕೂರಲೋ ಇದೇ ಥರ ಒಂದು ನೆಪ ಹುಡುಕುತ್ತಿರಬಹುದು. ಮನೆಯವರಿಗೆ ಉಪಯೋಗವಾಗದ ಖುಷಿಗೆ ಅಪ್ಪಣೆ ಕೇಳುವುದು ಹೇಗೆಂದು ನಮ್ಮ ಹೆಂಗಸರಿಗೆ ಯಾರೂ ಕಲಿಸಲಿಲ್ಲ. ಗಂಡಸರಲ್ಲೂ ಇಂಥವರಿದ್ದಾರೆ. ನಿವೃತ್ತಿಯ ನಂತರ ಚಿತ್ರ ಬರೆಯುವ ಆಸೆಯಿದ್ದು, ಮೊಮ್ಮಗನ ಬಣ್ಣದ ಡಬ್ಬಿಯನ್ನು ಯಾರೂ ಇಲ್ಲದಾಗ ತೆರೆಯುವವರನ್ನು ನಾನು ಬಲ್ಲೆ.

ಈಗ ಸ್ವಲ್ಪ ಕಷ್ಟದ ಮಾತು. ‘ಟ್ರೈನಿಂಗ್’ ಎಂಬ ಆ ಸುಳ್ಳನ್ನು ನೀವು ನಿಲ್ಲಿಸಬೇಕು. ನೀವು ದೊಡ್ಡ ಅಪರಾಧ ಮಾಡಿದ್ದೀರಿ ಎಂದು ನಾನು ಭಾವಿಸಿಲ್ಲ. ನಕ್ಕಾರು ಎಂಬ ಹೆದರಿಕೆಯಲ್ಲಿ ಮನುಷ್ಯರು ಮುಚ್ಚಿಡುತ್ತಾರೆ. ಆದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದರಲ್ಲಿ ಚೆಂಡಿಗಿಂತ ಆ ಸುಳ್ಳಿನ ಪಾಲೇ ಹೆಚ್ಚು ಎಂದು ನನಗನ್ನಿಸುತ್ತದೆ. ಮೈಸೂರಿನಲ್ಲಿ ಕೋಲು ಹಿಡಿದು ನಿಂತಾಗಲೂ ಮನಸ್ಸಿನ ಒಂದು ಮೂಲೆ ವಾಪಸ್ ರೈಲಿನ ಹೊತ್ತನ್ನು, ಮನೆಯಲ್ಲಿ ಕೇಳಬಹುದಾದ ಪ್ರಶ್ನೆಯನ್ನು, ಪರಿಚಯದವರು ಕಂಡರೆ ಏನು ಎಂಬುದನ್ನು ಎಣಿಸುತ್ತಿರುತ್ತದೆ. ಅಂಥ ಮನಸ್ಸಿಟ್ಟುಕೊಂಡು ಯಾರಿಗೂ ಏನನ್ನೂ ಕಲಿಯಲಾಗದು. ಇನ್ನೂ ಒಂದಿದೆ. ಯಜಮಾನರಿಗೆ ಇದು ಬೇರೆಯವರ ಬಾಯಿಂದ ತಿಳಿದರೆ, ಗಾಲ್ಫ್ ವಿಷಯ ಹಿಂದೆ ಸರಿದು ನಂಬಿಕೆಯ ವಿಷಯ ಮುಂದೆ ಬರುತ್ತದೆ.

ಹೇಳುವುದಕ್ಕೆ ಹೊತ್ತು ನೋಡಿಕೊಳ್ಳಿ. ಊಟಕ್ಕೆ ಕೂತಾಗ, ನಾಲ್ಕು ಜನರ ಎದುರು, ಅಥವಾ ನೀವು ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಾಗ ಬೇಡ. ಇಬ್ಬರೇ ಇರುವಾಗ, ಇಬ್ಬರಿಗೂ ಅವಸರವಿಲ್ಲದಾಗ ಹೇಳಿ. ಮಾತು ಉದ್ದ ಬೇಡ. ‘ನಿಮಗೆ ಟ್ರೈನಿಂಗ್ ಅಂತ ಹೇಳಿ ಗಾಲ್ಫ್ ಕಲಿಯೋಕೆ ಹೋಗ್ತಿದ್ದೆ. ಹೇಳದೆ ಹೋದದ್ದು ತಪ್ಪು. ಆದ್ರೆ ಕಲಿಯೋದು ತಪ್ಪು ಅಂತ ನನಗೆ ಅನ್ನಿಸ್ತಿಲ್ಲ. ಆವತ್ತು ಮದುವೆ ಮನೇಲಿ ನೀವೂ ನಕ್ಕಿದ್ದು ಮನಸ್ಸಿಗೆ ಹತ್ತಿತು, ಅದಕ್ಕೆ ಹೇಳೋಕೆ ಧೈರ್ಯ ಬರಲಿಲ್ಲ.’ ಇಷ್ಟು ಹೇಳಿ ಸುಮ್ಮನಾಗಿ. ಅವರಿಗೆ ಸಿಟ್ಟು ಬರಬಹುದು, ಎರಡು ದಿನ ಮಾತು ಕಡಿಮೆಯಾಗಬಹುದು. ಬರಲಿ. ನೀವು ತಿಂಗಳುಗಟ್ಟಲೆ ಒಳಗೇ ಜೀರ್ಣಿಸಿಕೊಂಡದ್ದನ್ನು ಅವರು ಒಂದೇ ಗಳಿಗೆಯಲ್ಲಿ ಜೀರ್ಣಿಸಿಕೊಳ್ಳಬೇಕೆಂದು ನಿರೀಕ್ಷಿಸಬೇಡಿ. ತಮ್ಮ ನಗು ನಿಮಗೆ ಇಷ್ಟು ನೋವು ಕೊಟ್ಟಿತೆಂದು ಅವರಿಗೆ ಗೊತ್ತೇ ಇಲ್ಲದಿರುವ ಸಾಧ್ಯತೆಯೂ ಇದೆ.

ದುಡ್ಡಿನ ಲೆಕ್ಕವನ್ನೂ ಆಗಲೇ ಬಿಚ್ಚಿಡಿ. ಇಷ್ಟು ಖರ್ಚಾಗಿದೆ, ಇನ್ನು ತಿಂಗಳಿಗೆ ಇಷ್ಟಕ್ಕಿಂತ ಮೀರುವುದಿಲ್ಲ ಎಂದು ಮೊತ್ತ ಹೇಳಿ. ಹೊಸ ಕೋಲುಗಳ ಸೆಟ್ ಈಗ ಕೊಳ್ಳಲೇಬೇಡಿ. ನಿಯಮದ ಪ್ರಕಾರ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು, ಇರಲೇಬೇಕೆಂದೇನಿಲ್ಲ. ಮಗಳು ಕೊಡಿಸಿದ ಎರಡರಲ್ಲಿ ಇನ್ನೂ ಬಹಳ ದಿನ ಕಲಿಯುವುದಿದೆ.

ಕಲಿಕೆಗೆ ಬಂದರೆ, ನೀವು ಎಲ್ಲಕ್ಕಿಂತ ಕಷ್ಟದ್ದನ್ನು ಮೊದಲು ಹಿಡಿದಿದ್ದೀರಿ. ದೂರ ಹೊಡೆಯುವುದನ್ನು ಸ್ವಲ್ಪ ಬದಿಗಿಟ್ಟು ಕುಳಿಯ ಹತ್ತಿರದಿಂದ ಶುರುಮಾಡಿ. 18 ಕುಳಿಗಳನ್ನು 72 ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನದಲ್ಲಿ ಕುಳಿಯೊಂದಕ್ಕೆ ಎರಡರಂತೆ 36 ಹೊಡೆತಗಳನ್ನು ಪಟರ್ ಹಿಡಿದು ನಯವಾದ ಹುಲ್ಲಿನ ಮೇಲೆ ಉರುಳಿಸುವುದಕ್ಕೆಂದೇ ಲೆಕ್ಕ ಹಿಡಿದಿರುತ್ತಾರೆ. ಅರ್ಧ ಆಟ ಅಲ್ಲಿದೆ. ಅದಕ್ಕೆ ತೋಳ್ಬಲ ಬೇಡ, ಹದ ಬೇಕು. ಮನೆಯ ಹಾಲ್‌ನಲ್ಲಿ ಜಮಖಾನ ಹಾಸಿ, ಆ ತುದಿಗೆ ಸ್ಟೀಲ್ ಲೋಟ ಅಡ್ಡ ಮಲಗಿಸಿ, ನಾಲ್ಕಡಿ ದೂರದಿಂದ ಚೆಂಡನ್ನು ಉರುಳಿಸಿ. ನಿಜವಾದ ಕುಳಿಯ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ಚೆಂಡು ಲೋಟಕ್ಕೆ ಬಿದ್ದರೆ ಮೈದಾನದಲ್ಲಿ ಇನ್ನೂ ಸಲೀಸು. ಕೋಲನ್ನು ಹಿಡಿಯುವಾಗ ಮೂಳೆ ಮುರಿದವರ ಕೈಯನ್ನು ಹಿಡಿದೆತ್ತುವಷ್ಟೇ ಮೆತ್ತಗೆ ಹಿಡಿಯಿರಿ. ಆ ಹಿಡಿತ ನಿಮ್ಮ ಕೈಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಐರನ್ ಹಿಡಿದಾಗ ಚೆಂಡನ್ನು ಕೆಳಗಿನಿಂದ ಎತ್ತಿ ಹಾರಿಸಲು ಹೋಗುತ್ತಿದ್ದೀರಾ ಗಮನಿಸಿ. ಹೊಸಬರೆಲ್ಲ ಹಾಗೇ ಮಾಡುತ್ತಾರೆ. ಎತ್ತಲು ಹೋದಾಗ ಕೋಲು ಚೆಂಡಿನ ನೆತ್ತಿಯನ್ನಷ್ಟೇ ಸವರಿ ಹೋಗುತ್ತದೆ, ಇಲ್ಲವೇ ಪೂರ್ತಿ ತಪ್ಪುತ್ತದೆ. ಐರನ್ನಿನ ಮುಖವನ್ನು ಓರೆಯಾಗಿ ಮಾಡಿರುವುದೇ ಚೆಂಡನ್ನು ಮೇಲೆತ್ತಲಿಕ್ಕೆ. ನೀವು ಅರ್ಧ ಬೀಸಿನಲ್ಲಿ, ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ, ಹುಲ್ಲನ್ನು ಸವರಿದಂತೆ ಕೋಲು ಆಡಿಸಿದರೆ ಸಾಕು.

ಹೇಳಿಕೊಡುವ ಹುಡುಗನ ಬಳಿಯೂ ಮಾತಾಡಿ. ಅವನ ನಿಟ್ಟುಸಿರಿಗೆ ಬೇರೆ ಕಾರಣವೂ ಇರಬಹುದು. ಬೆಳಗಿನಿಂದ ಬಿಸಿಲಲ್ಲಿ ನಿಂತಿರುತ್ತಾನೆ. ‘ನೋಡಪ್ಪ, ನಾನು ನಿಧಾನ. ಒಂದು ದಿನಕ್ಕೆ ಒಂದೇ ತಪ್ಪು ತಿದ್ದು, ಉಳಿದದ್ದು ಮುಂದಿನ ಸಲ ನೋಡೋಣ’ ಎಂದು ನೇರವಾಗಿ ಕೇಳಿ. ದೊಡ್ಡವರಿಗೆ ಕಲಿಸುವಾಗ ಐದು ತಿದ್ದುಪಡಿ ಒಟ್ಟಿಗೆ ಹೇಳಿದರೆ ಕೈಕಾಲು ಕಟ್ಟಿದಂತಾಗುತ್ತದೆ. ಕೇಳಿದ ಮೇಲೂ ಅವನ ರೀತಿ ಬದಲಾಗದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳುವ ಹಕ್ಕು ನಿಮಗಿದೆ. ಆಗ ಸದಸ್ಯರಲ್ಲದವರಿಗೆ ಅಭ್ಯಾಸಕ್ಕೆ ಬಿಡುತ್ತಾರೆಯೇ, ಶುಲ್ಕ ಎಷ್ಟು, ಯಾವ ಹೊತ್ತಿನಲ್ಲಿ ಜನ ಕಡಿಮೆ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಪಕ್ಕದಲ್ಲಿ ಹೊಡೆಯುವ ಮಕ್ಕಳೊಂದಿಗೆ ಹೋಲಿಸಿಕೊಳ್ಳುವುದನ್ನು ಬಿಡಿ. ಅವರಿಗೆ ನಾಚಿಕೆ ಇನ್ನೂ ಹುಟ್ಟಿಲ್ಲ, ಬೆನ್ನು ನೋವೂ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ನೈಟ್ ಡ್ಯೂಟಿ ಇಳಿದ ದಿನ ಹೋಗಬೇಡಿ. ನಿದ್ದೆಗೆಟ್ಟ ಮೈಯನ್ನು ತಿರುಚಿ ಬೀಸಿದರೆ ಸೊಂಟಕ್ಕೂ ಮೊಣಕೈಗೂ ಪೆಟ್ಟು. ಕಲಿತದ್ದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಪಕ್ಕದ ಮನೆಯವರು ಮತ್ತೆ ಕೇಳಿದರೆ ‘ಗಾಲ್ಫ್ ಕಲೀತಿದ್ದೀನಿ, ಇನ್ನೂ ಸರಿಯಾಗಿ ಬರಲ್ಲ’ ಎಂದುಬಿಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದವರನ್ನು ಕೆಣಕುವುದರಲ್ಲಿ ಜನಕ್ಕೆ ಬೇಗ ಆಸಕ್ತಿ ಹೋಗುತ್ತದೆ. ಅವರ ಮಕ್ಕಳು ಬಂದು ‘ಆಂಟಿ, ನಾನೊಂದ್ಸಲ ಹಿಡೀಲಾ?’ ಎಂದರೆ ಕೊಡಿ. ಸುತ್ತ ಯಾರೂ ನಿಂತಿಲ್ಲವೆಂದು ನೋಡಿಕೊಳ್ಳಿ, ಮಹಡಿಯ ಮೇಲೆ ಗಟ್ಟಿ ಚೆಂಡು ಹೊಡೆಯುವುದಂತೂ ಬೇಡವೇ ಬೇಡ.

ನಿದ್ದೆ ಮತ್ತು ಎದೆ ಡವಡವದ ಮಾತನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನಾನು ದಾಟಿಸುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆಗಳಿಂದಲೂ ಹೀಗಾಗುತ್ತದೆ, ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಆಗುತ್ತದೆ. ಬೇರೆಯವರ ರಿಪೋರ್ಟುಗಳನ್ನು ದಿನವೂ ನೋಡುವ ನೀವು ನಿಮ್ಮದನ್ನು ಎಂದು ಮಾಡಿಸಿದ್ದೀರಿ? ಈ ವಾರವೇ ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ, ವೈದ್ಯರಿಗೆ ತೋರಿಸಿ. ಎದೆನೋವು, ಉಸಿರು ಕಟ್ಟುವುದು, ತಲೆ ಸುತ್ತುವುದು ಜೊತೆಗಿದ್ದರೆ ಒಂದು ದಿನವೂ ಕಾಯಬೇಡಿ. ಎಲ್ಲ ಸರಿಯಿದ್ದೂ ನಿದ್ದೆ ಬಾರದಿದ್ದರೆ ಮನಸ್ಸಿನ ವೈದ್ಯರ ಸಹಾಯ ಪಡೆಯಿರಿ. ಕೆಲಸ ಮಾಡುವ ಊರಲ್ಲೇ ತೋರಿಸಿಕೊಂಡರೆ ಸಹೋದ್ಯೋಗಿಗಳಿಗೆ ತಿಳಿದೀತೆಂಬ ಅಳುಕು ನಿಮಗಿರಬಹುದು. ಹಾಗಿದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಬೇರೆ ಓದುಗರಿಗೂ ಒಂದು ಮಾತು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತಾರೆಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಕೊನೆಗೆ ಮಗಳ ವಿಷಯ. ‘ಬಿಟ್ಟೆ’ ಎಂದು ಈಗಲೇ ಹೇಳಬೇಡಿ. ‘ಬಿಡಲ್ಲ’ ಎಂದು ಮಾತು ಕೊಡುವುದೂ ಬೇಡ. ಅವಳು ಪ್ರೀತಿಯಿಂದ ಕೊಡಿಸಿದ್ದಾಳೆ, ಆ ಋಣಕ್ಕಾಗಿ ನೀವು ಆಡಬೇಕಿಲ್ಲ. ಯಜಮಾನರಿಗೆ ಹೇಳಿ ಆಗಲಿ, ಪರೀಕ್ಷೆಯ ಫಲಿತಾಂಶ ಕೈಗೆ ಬರಲಿ, ನಿದ್ದೆ ಒಂದು ಹದಕ್ಕೆ ಮರಳಲಿ. ಆಮೇಲೆ ಏನನ್ನೂ ಮುಚ್ಚಿಡದೆ ನಾಲ್ಕು ಸಲ ಮೈಸೂರಿಗೆ ಹೋಗಿ ಬನ್ನಿ. ಆಗಲೂ ಮನಸ್ಸು ಬೇಡ ಎಂದರೆ ನಿಲ್ಲಿಸಿ, ಕೋಲುಗಳನ್ನು ಮಗಳಿಗೆ ವಾಪಸ್ ಕೊಡಿ, ಅದರಲ್ಲಿ ಸೋಲೇನೂ ಇಲ್ಲ. ಬೇಕು ಎಂದರೆ ಅವಳು ಮುಂದಿನ ಸಲ ಊರಿಗೆ ಬಂದಾಗ ಜೊತೆಗೆ ಕರೆದುಕೊಂಡು ಹೋಗಿ. ಯಜಮಾನರನ್ನೂ ಕರೆಯಿರಿ. ಬರಲಿ ಬಿಡಲಿ, ಕರೆದಿರಿ ಎಂಬುದು ಅವರಿಗೆ ನೆನಪಿರುತ್ತದೆ.